ಇಸ್ತ್ರಿ ಅಕ್ಕ ಪರೀಕ್ಷೆಗೆ ಕಳಿಸಿದ ನೀರು

ಸುಕ್ಕು ಕಂಡರೆ ಇಸ್ತ್ರಿ ಅಕ್ಕನ ಕೈ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನವನ ಕಾಲರ್ ಮಡಚಿಕೊಂಡಿದ್ದರೆ, ಗುರುತು ಪರಿಚಯ ಇಲ್ಲದಿದ್ದರೂ ಎಳೆದು ಸರಿಯಾಗಿ ಕೂರಿಸುತ್ತಾಳೆ. ಆತ ತಿರುಗಿ ನೋಡಿದರೆ ತಾನು ಕಿಟಕಿಯ ಹೊರಗೆ ನೋಡುತ್ತಾಳೆ. ದಿನಪತ್ರಿಕೆಯ ಮಡಿಕೆಯನ್ನು ಓದುವ ಮೊದಲೊಮ್ಮೆ ತಿದ್ದುತ್ತಾಳೆ, ಓದಿದ ಮೇಲೊಮ್ಮೆ ತಿದ್ದುತ್ತಾಳೆ. ನಡುವೆ ಓದುವುದಕ್ಕೆ ಉಳಿಯುವ ಹೊತ್ತು ಅಷ್ಟಕ್ಕಷ್ಟೇ. ಕೆಟ್ಟ ಸುದ್ದಿಯನ್ನೂ ಅವಳು ಹೇಳುವುದು ಹಾಗೆಯೇ, ಸುಕ್ಕು ಬಿಡಿಸಿ, ಅಂಚಿಗೆ ಅಂಚು ಕೂಡಿಸಿ. ಮೈದುನ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡಾಗ, ‘ಅವನಿಗೆ ಸ್ವಲ್ಪ ದಿನ ರಜೆ ಸಿಕ್ಕಿದೆಯಂತೆ’ ಎಂದು ಅತ್ತೆಗೆ ಹೇಳಿದ್ದಳು. ಅತ್ತೆ ಖುಷಿಯಾಗಿ ಮಗನಿಗೆ ಫೋನ್ ಮಾಡಿದರು. ಆಮೇಲೆ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳುವುದು ಬೇಡ.

ಇಪ್ಪತ್ತೊಂದು ವರ್ಷ ಅವಳು ಪೇಟೆಯ ದೊಡ್ಡ ಸ್ಟೀಮ್ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದವಳು. ಒಗೆಯುವುದು ಕೆಳಗಿನ ಅಂತಸ್ತಿನಲ್ಲಿ, ಇಸ್ತ್ರಿ ಮೇಲಿನ ಅಂತಸ್ತಿನಲ್ಲಿ. ನೀರು ಎಲ್ಲಿಂದ ಬರುತ್ತದೆ, ಅದಕ್ಕೆ ಏನು ಹಾಕುತ್ತಾರೆ ಎಂದು ಮೇಲಿನವರು ಕೇಳಿದವರಲ್ಲ. ಅಲ್ಲಿ ಯಾರಿಗೂ ಹೆಸರೂ ಇರಲಿಲ್ಲ. ಅಂಗಿಯ ಮೇಲೆ ಹೊಲಿದ ನಂಬರೇ ಹೆಸರು. ‘ಹದಿನೇಳೂ, ಎರಡು ಡಜನ್ ದಿಂಬಿನ ಚೀಲ’ ಎಂದು ಮೇಲ್ವಿಚಾರಕ ಕೂಗಿದರೆ ಅವಳು ತಲೆ ಎತ್ತಬೇಕು. ಮನೆಗೆ ಬಂದ ಮೇಲೂ ಟಿವಿಯಲ್ಲಿ ಯಾರಾದರೂ ಹದಿನೇಳು ಅಂದರೆ ತಿರುಗಿ ನೋಡುತ್ತಿದ್ದಳಂತೆ. ಕಡೆಗೆ ಒಂದು ದಿನ ಸಾಕಪ್ಪಾ ಎನ್ನಿಸಿ ಕೆಲಸ ಬಿಟ್ಟಳು. ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿಸಿ, ಎರಡು ವಾಷಿಂಗ್ ಮೆಷಿನ್ ಇಟ್ಟು, ಒಂದು ಉದ್ದನೆಯ ಮೇಜಿಗೆ ಕಂಬಳಿ ಸುತ್ತಿ ತನ್ನದೇ ಕೆಲಸ ಶುರು ಮಾಡಿದಳು. ಎರಡು ಬೀದಿ ಆಚೆಯ ಮೂವತ್ತು ಹಾಸಿಗೆಯ ಆಸ್ಪತ್ರೆಯವರು ನರ್ಸುಗಳ ಬಿಳಿ ಕೋಟುಗಳನ್ನು ಒಪ್ಪಿಸಿದರು, ವಾರಕ್ಕೆ ಎಪ್ಪತ್ತು. ‘ಇಸ್ತ್ರಿ ಅಕ್ಕ’ ಎಂಬ ಹೆಸರು ಇಟ್ಟದ್ದೂ ಆ ನರ್ಸುಗಳೇ.

ಮೊದಲ ನಾಲ್ಕು ತಿಂಗಳು ಎಲ್ಲ ನೆಟ್ಟಗಿತ್ತು. ಆಮೇಲೆ ಕೋಟುಗಳು ಬಣ್ಣ ಬಿಡಲಿಲ್ಲ, ಬಣ್ಣ ಹಿಡಿಯತೊಡಗಿದವು. ಬಿಳಿ ಮಂಕಾಯಿತು, ಮಂಕು ಬೂದು ಬಣ್ಣವಾಯಿತು, ಬೂದಿನೊಳಗೆ ತೆಳ್ಳಗೆ ಹಳದಿ ಕಾಣಿಸಿಕೊಂಡಿತು. ಸೋಪಿನ ಪುಡಿ ಎಷ್ಟು ಸುರಿದರೂ ನೊರೆ ಬರದು. ಬಂದರೂ ಮೊಸರಿನಂತೆ ಒಡೆದು ಬಟ್ಟೆಗೇ ಅಂಟಿಕೊಳ್ಳುವುದು. ಅವಳು ಇಸ್ತ್ರಿಯನ್ನು ಇನ್ನೂ ಗಟ್ಟಿಯಾಗಿ ಒತ್ತಿದಳು. ಬೂದು ಬಣ್ಣದ ಕೋಟು ಸುಕ್ಕಿಲ್ಲದ ಬೂದು ಬಣ್ಣದ ಕೋಟಾಯಿತು, ಅಷ್ಟೇ.

ಹೆಡ್ ನರ್ಸ್ ಹೆಚ್ಚು ಮಾತಿನವರಲ್ಲ. ತಿಂಗಳ ಮೊದಲ ವಾರದಲ್ಲಿ ಒಂದು ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಪಕ್ಕದಲ್ಲಿ ಒಂದು ಹೊಸ ಹತ್ತಿಯ ಉಂಡೆ ಇಟ್ಟು ತೋರಿಸಿದರು.

“ಇದು ಹತ್ತಿ, ಇದು ನಿಮ್ಮ ಕೋಟು. ನಾನೇನೂ ಹೇಳೋ ಹಾಗೇ ಇಲ್ಲ ಅಲ್ವಾಮ್ಮ?”

“ಮೋಡದ ದಿನ, ಸಿಸ್ಟರ್. ಬಿಸಿಲಿಗೆ ಹಿಡಿದ್ರೆ ಚೆನ್ನಾಗಿ ಕಾಣುತ್ತೆ.”

“ನಮ್ಮ ವಾರ್ಡಿನೊಳಗೆ ಬಿಸಿಲು ಬರಲ್ಲ. ಮುಂದಿನ ತಿಂಗಳು ಒಂದನೇ ತಾರೀಕಿಗೆ ಬಿಳಿ ಬಟ್ಟೆ ಬಿಳಿಯಾಗಿ ಬರ್ಬೇಕು. ಇಲ್ಲ ಅಂದ್ರೆ ಪೇಟೆ ಲಾಂಡ್ರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ.”

ಪೇಟೆ ಲಾಂಡ್ರಿ ಎಂದರೆ ಅದೇ ಸ್ಟೀಮ್ ಲಾಂಡ್ರಿ. ಕೋಟುಗಳು ಅಲ್ಲಿಗೆ ಹೋದರೆ ಅವುಗಳ ಹಿಂದೆಯೇ ತಾನೂ ಹೋಗಬೇಕಾಗುತ್ತದೆ ಎಂದು ಇಸ್ತ್ರಿ ಅಕ್ಕನಿಗೆ ಗೊತ್ತಿತ್ತು. ಆ ಎಪ್ಪತ್ತು ಕೋಟು ಇಲ್ಲದೆ ಶೆಡ್ಡು ನಡೆಯುವುದಿಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ ಮತ್ತೆ ಹದಿನೇಳು ಆಗಬೇಕು. ಆ ದಿನ ಮನೆಗೆ ನಡೆದು ಬರುವಾಗ ಅವಳಿಗೆ ಅಳು ಬಂದಿತ್ತು. ಮನೆಯಲ್ಲಿ ಮಾತ್ರ, ‘ಹೆಡ್ ನರ್ಸಿಗೆ ಇನ್ನೂ ಬಿಳಿಯಾಗಿ ಬೇಕಂತೆ’ ಎಂದಷ್ಟೇ ಹೇಳಿದಳು.

ತಪ್ಪು ನೀರಿನದು ಎಂದು ಕಂಡುಹಿಡಿದವನು ಗಂಡ. ಅವನು ಬಸ್ ಡ್ರೈವರ್. ಡಿಪೋದಲ್ಲಿ ಬಸ್ಸಿನ ರೇಡಿಯೇಟರಿಗೆ ಬಾವಿ ನೀರು ಹಾಕಬೇಡಿ, ಒಳಗೆ ಸುಣ್ಣ ಕಟ್ಟುತ್ತದೆ ಎಂದು ಬೋರ್ಡೇ ಹಾಕಿದ್ದರಂತೆ. “ನಮ್ಮ ಬಾವೀದೂ ಅಂಥದ್ದೇ ಗಡಸು ನೀರು. ಬಸ್ಸಿಗೇ ಆಗದ ನೀರು ಕೋಟಿಗೆ ಆಗುತ್ತಾ?” ಎಂದ. ಹೇಳಿದ್ದು ಸರಿಯಾಗಿಯೇ ಇತ್ತು, ಹೇಳಿದ ಜಾಗ ಮಾತ್ರ ಸರಿಯಿರಲಿಲ್ಲ. ಅತ್ತೆ ಅಲ್ಲೇ ಕೂತು ಬೀನ್ಸ್ ನಾರು ತೆಗೆಯುತ್ತಿದ್ದರು. ಆ ಬಾವಿಯನ್ನು ಮೂವತ್ನಾಲ್ಕು ವರ್ಷದ ಕೆಳಗೆ ತೋಡಿಸಿದವರು ಮಾವ. ಅವರು ತೀರಿಕೊಂಡ ಮೇಲೆ ಅತ್ತೆ ಅವರ ಫೋಟೊಗಿಂತ ಹೆಚ್ಚಾಗಿ ಬಾವಿಯನ್ನೇ ನೋಡಿಕೊಂಡವರು.

“ಗಡಸು ನೀರಂತೆ. ಮೂವತ್ನಾಲ್ಕು ವರ್ಷ ಕುಡಿದಿದ್ದೀನಿ, ನಾನೇನು ಗಡಸಾಗಿದ್ದೀನಾ?” ಎಂದು ಕೇಳಿದರು.

ಮಗ ಮೇಲ್ಛಾವಣಿ ನೋಡಿದ, ಸೊಸೆ ಬೀನ್ಸ್ ನೋಡಿದಳು. ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡದೆ ಇದ್ದದ್ದರಿಂದಲೇ ಆ ಮನೆ ಇಷ್ಟು ವರ್ಷ ನಿಂತಿರುವುದು.

ನೀರನ್ನು ಮೆದು ಮಾಡುವ ಯಂತ್ರ ತರುವುದು ಎಂದು ತೀರ್ಮಾನವಾಯಿತು. ಯಾವುದು ಎಂಬುದೇ ಪ್ರಶ್ನೆ. ಮೊದಲು ಬಾಗಿಲಿಗೆ ಬಂದವನು ಅಯಸ್ಕಾಂತದವನು. ನೀರಿನ ಪೈಪಿಗೆ ಎರಡು ಕಪ್ಪು ಬಿಲ್ಲೆ ಬಿಗಿದರೆ ಸಾಕು, ಉಪ್ಪು ಬೇಡ, ಕರೆಂಟು ಬೇಡ, ನೀರಿನ ಸ್ವಭಾವವೇ ಬದಲಾಗುತ್ತದೆ ಎಂದ. ಇಸ್ತ್ರಿ ಅಕ್ಕ ಬಕೆಟ್ಟಿಗೆ ಸೋಪಿನ ಪುಡಿ ಹಾಕಿ ಅವನ ಮುಂದೆ ಇಟ್ಟಳು. ಅವನು ಬಿಲ್ಲೆ ಬಿಗಿದ, ನಲ್ಲಿ ತಿರುಗಿಸಿದ, ಕೈಯಾಡಿಸಿದ. ನೊರೆ ಬರಲಿಲ್ಲ.

“ನೊರೆ ಬರ್ದೇ ಇದ್ರೂ ಒಳಗಡೆ ಬದಲಾಗಿರುತ್ತೆ ಅಕ್ಕ,” ಎಂದ.

“ಬದಲಾಗಿದ್ದು ನೀರಿಗೆ ಮಾತ್ರ ಗೊತ್ತಾದ್ರೆ ನನಗೇನಪ್ಪಾ ಬಂತು? ಬಿಚ್ಕೊಂಡು ಹೋಗು.”

ಅತ್ತೆಗೆ ಅವನು ಹಿಡಿಸಿದ್ದ, ಏಕೆಂದರೆ ಅವನು ಬಾವಿಯನ್ನು ಬೈದಿರಲಿಲ್ಲ.

ಎರಡನೆಯದು ಉಪ್ಪಿನ ಯಂತ್ರ. ಮುಖ್ಯರಸ್ತೆಯಲ್ಲಿ ಪಂಪು, ಪೈಪು ಮಾರುವ ಅಂಗಡಿಯಲ್ಲಿ ಅವು ಸಾಲಾಗಿ ನಿಂತಿದ್ದವು, ಉದ್ದನೆಯ ನೀಲಿ ಕೊಳವೆಗಳು, ಪಕ್ಕದಲ್ಲಿ ಉಪ್ಪು ತುಂಬುವ ಡ್ರಮ್ಮು. ಅಂಗಡಿಯ ಯಜಮಾನ ಬೋಳುತಲೆಯ ಶಾಂತ ಮನುಷ್ಯ. ಕೊಳವೆಯೊಳಗೆ ಸಾಸಿವೆಯಂಥ ಮಣಿಗಳಿರುತ್ತವೆ, ನೀರಿನಲ್ಲಿರುವ ಸುಣ್ಣವನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ, ಮಣಿಗಳು ತುಂಬಿದಾಗ ಉಪ್ಪು ನೀರು ಹಾಯಿಸಿ ತೊಳೆದರೆ ಮತ್ತೆ ಕೆಲಸಕ್ಕೆ ನಿಲ್ಲುತ್ತವೆ ಎಂದು ವಿವರಿಸಿದ. ಎಷ್ಟು ದೊಡ್ಡ ಯಂತ್ರ ಬೇಕು ಎನ್ನುವುದು ಎರಡು ವಿಷಯದ ಮೇಲೆ ನಿಂತಿದೆ: ದಿನಕ್ಕೆ ಎಷ್ಟು ನೀರು, ನೀರಿನಲ್ಲಿ ಎಷ್ಟು ಸುಣ್ಣ. ನೀರಿನ ಲೆಕ್ಕವನ್ನು ಅವಳು ಬಾಯಲ್ಲೇ ಕೊಟ್ಟಳು. ಸುಣ್ಣದ್ದು ಪರೀಕ್ಷೆಯಾಗಬೇಕು. ಪರೀಕ್ಷೆ ಮಾಡುವವಳು ಅಂಗಡಿಯಲ್ಲೇ ಕೆಲಸಕ್ಕಿದ್ದ ಕನ್ನಡಕದ ಹುಡುಗಿ, ಕಾಲೇಜು ಮುಗಿಸಿ ಆರು ತಿಂಗಳಾಗಿತ್ತು.

“ಬಾವಿ ನೀರು ಒಂದು ಬಾಟಲಿ ತಂದುಕೊಡಿ ಅಕ್ಕ, ಐದೇ ನಿಮಿಷದ ಕೆಲಸ,” ಎಂದಳು.

ಇನ್ನು ಇಸ್ತ್ರಿ ಅಕ್ಕ ಏನು ಮಾಡಿದಳು ಎನ್ನುವುದನ್ನು ಗಮನವಿಟ್ಟು ಕೇಳಬೇಕು. ಮರುದಿನ ಬೆಳಿಗ್ಗೆ ಗಾಜಿನ ಲೋಟಕ್ಕೆ ನೀರು ಸೇದಿ ಇಟ್ಟಳು. ಸೇದಿದಾಗ ತಿಳಿಯಾಗಿದ್ದ ನೀರು ಗಂಟೆ ಕಳೆಯುವಷ್ಟರಲ್ಲಿ ತೆಳು ಟೀ ಬಣ್ಣಕ್ಕೆ ತಿರುಗಿತು, ತಳದಲ್ಲಿ ಕೆಂಪಗೆ ಏನೋ ಕೂತಿತು. ಅವಳಿಗೆ ನಾಚಿಕೆಯಾಯಿತು. ಇದನ್ನು ಅಂಗಡಿಯ ಮೇಜಿನ ಮೇಲೆ, ನಾಲ್ಕು ಜನರ ಎದುರು ಇಡುವುದು ಹೇಗೆ? ಗುಂಡಿ ಕಿತ್ತ ಅಂಗಿಯನ್ನು ಅವಳು ಇದುವರೆಗೆ ಯಾರ ಕೈಗೂ ಕೊಟ್ಟವಳಲ್ಲ. ನೀರನ್ನು ದೊಡ್ಡ ಪಾತ್ರೆಗೆ ಹಾಕಿ ಚೆನ್ನಾಗಿ ಕುದಿಸಿದಳು. ಆರಲು ಬಿಟ್ಟಳು. ನಾಲ್ಕು ಪದರ ಮಾಡಿದ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿದಳು. ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ತುಂಬಿ, ಮುಚ್ಚಳಕ್ಕೆ ಬಿಳಿ ಬಟ್ಟೆ ಕಟ್ಟಿದಳು. ಗಂಟಿಗೆ ಸುಕ್ಕು ಬಾರದ ಹಾಗೆ ನೋಡಿಕೊಂಡಳು ಎಂದು ಬೇರೆ ಹೇಳಬೇಕಾಗಿಲ್ಲ.

“ಹಾಗೇ ಮಾಡು. ನಮ್ಮ ಬಾವಿ ಮರ್ಯಾದೆ ಪ್ರಶ್ನೆ,” ಎಂದರು ಅತ್ತೆ, ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡು. ಹತ್ತೊಂಬತ್ತು ವರ್ಷದಲ್ಲಿ ಅತ್ತೆ ಸೊಸೆ ಮನಸಾರೆ ಒಪ್ಪಿ ಕೈಜೋಡಿಸಿ ಮಾಡಿದ ಕೆಲಸ ಇದೊಂದೇ. ಇದೇ ತಪ್ಪಾಗಬೇಕೇ?

ಅಂಗಡಿಯಲ್ಲಿ ಹುಡುಗಿ ಸಣ್ಣ ಶೀಶೆಗೆ ನೀರು ಹಾಕಿ, ಏನೋ ಪುಡಿ ಉದುರಿಸಿ ಅಲ್ಲಾಡಿಸಿದಳು. ನೀರು ದ್ರಾಕ್ಷಿಯ ಕೆಂಪಾಯಿತು. ಈಗ ಈ ಮದ್ದನ್ನು ಹನಿ ಹನಿಯಾಗಿ ಹಾಕುತ್ತಾ ಹೋಗುವುದು, ಕೆಂಪು ನೀಲಿಯಾಗುವ ತನಕ ಎಷ್ಟು ಹನಿಯೋ ನೀರು ಅಷ್ಟು ಗಡಸು ಎಂದು ಹೇಳಿ, ಗಟ್ಟಿಯಾಗಿ ಎಣಿಸಿದಳು. ಒಂಬತ್ತಕ್ಕೆ ನೀಲಿಯಾಯಿತು. ಕಬ್ಬಿಣದ ಅಂಶ ನೋಡುವ ಕಾಗದದ ಪಟ್ಟಿ ಅದ್ದಿದರೆ ಅದು ಬಣ್ಣವೇ ಬದಲಿಸಲಿಲ್ಲ. ಇಸ್ತ್ರಿ ಅಕ್ಕನಿಗೆ ಮಗು ಪಾಸಾದಷ್ಟು ಹೆಮ್ಮೆಯಾಯಿತು. ‘ಹಾಗಾದ್ರೆ ಕೋಟು ಯಾಕೆ ಹಾಳಾಗ್ತಿದೆ’ ಎಂದು ಅವಳು ತನ್ನನ್ನು ತಾನು ಕೇಳಿಕೊಳ್ಳಬಹುದಿತ್ತು. ಹೊಗಳಿಕೆ ಕೇಳುತ್ತಿರುವಾಗ ಯಾರಿಗೆ ತಾನೇ ಪ್ರಶ್ನೆ ಹೊಳೆಯುತ್ತದೆ?

ಯಜಮಾನ ಸಾಲಿನ ಸಣ್ಣ ಯಂತ್ರವನ್ನು ತೋರಿಸಿದ. “ಇದು ಸಾಕು ತಾಯಿ. ದೊಡ್ಡದು ಮಾರಿದ್ರೆ ನನಗೇನೋ ಒಳ್ಳೇದೇ, ಆದ್ರೆ ನಿಮಗೆ ಬೇಕಾಗಿಲ್ಲ.” ಅಂಥ ಮಾತು ಹೇಳುವ ವ್ಯಾಪಾರಿ ಸಿಕ್ಕಿದ ಎಂದು ಅವಳಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಯಂತ್ರ ಬಂತು. ಮೊದಲ ಮೂರು ದಿನ ನೊರೆಯೋ ನೊರೆ. ಶೆಡ್ಡಿನಲ್ಲಿ ಹಾಡು ಕೇಳಿಸಿತು. ಅವಳು ಹಾಡುವುದು ಅಪರೂಪ, ಹಾಡಿದರೆ ಕೇಳುವುದು ಕಷ್ಟ. ಐದನೆಯ ದಿನ ನೊರೆ ಕಡಿಮೆಯಾಯಿತು. ಎಂಟನೆಯ ದಿನ ಯಂತ್ರ ಉಪ್ಪನ್ನು ಬಕಾಸುರನ ಹಾಗೆ ನುಂಗುತ್ತಿತ್ತು, ನೀರು ಮಾತ್ರ ಮೊದಲಿನ ನೀರೇ. ಹನ್ನೊಂದನೆಯ ದಿನ, ಒಂದನೇ ತಾರೀಕಿಗೆ ನಾಲ್ಕು ದಿನ ಬಾಕಿ ಇರುವಾಗ, ಅವಳು ಹಟ ಹಿಡಿದು ಒಂದು ಮುಚ್ಚಳ ಬ್ಲೀಚ್ ಜಾಸ್ತಿ ಹಾಕಿದಳು. ಮೆಷಿನ್ನಿನ ಬಾಗಿಲು ತೆಗೆದರೆ ಇಪ್ಪತ್ತು ಕೋಟುಗಳ ಮೇಲೂ ಕಂದು ಚುಕ್ಕೆ, ಮೂಗಿನ ಮೇಲೆ ಮಚ್ಚೆ ಎದ್ದ ಹಾಗೆ.

ಅವಳು ಕೈ ಒರೆಸಿಕೊಂಡು ನೇರವಾಗಿ ಅಂಗಡಿಗೆ ಹೋದಳು. ಅಷ್ಟು ವರ್ಷ ಮಡಚಿ ಮಡಚಿ ಒಳಗಿಟ್ಟುಕೊಂಡ ಸಿಟ್ಟೆಲ್ಲ ಆ ದಿನ ಬಿಚ್ಚಿಕೊಂಡಿತು. ಗಿರಾಕಿಗಳ ಎದುರಿಗೇ, ನನ್ನ ಕಿವಿಯ ಮೇಲೆ ಹೂ ಇಟ್ಟಿರಾ, ಆಟದ ಸಾಮಾನು ಕೊಟ್ಟು ಕಳಿಸಿದಿರಾ, ನನ್ನ ಅನ್ನಕ್ಕೆ ಕಲ್ಲು ಹಾಕಿದಿರಿ ಎಂದಳು. ಯಜಮಾನ ಎಲ್ಲ ಕೇಳಿಸಿಕೊಂಡು ಹುಡುಗಿಯ ಕಡೆ ತಿರುಗಿದ.

“ಎಷ್ಟು ಎಣಿಸಿದ್ದೆ ನೀನು?”

“ಒಂಬತ್ತೇ ಸಾರ್.”

“ಹನಿ ಎಣಿಸೋಕೂ ಬರಲ್ಲ ಅಂದ್ರೆ ಇಲ್ಲಿ ನಿನಗೇನು ಕೆಲಸ?”

ಹುಡುಗಿ ಕನ್ನಡಕ ತೆಗೆದು ಒರೆಸತೊಡಗಿದಳು. ಕನ್ನಡಕ ಕೊಳೆಯಾಗಿರಲಿಲ್ಲ.

ಆ ಮಧ್ಯಾಹ್ನವೇ ಯಜಮಾನ, ಹುಡುಗಿ ಇಬ್ಬರೂ ಇಸ್ತ್ರಿ ಅಕ್ಕನ ಮನೆಗೆ ಬಂದರು. ಬಾವಿಕಟ್ಟೆಯ ಮೇಲೆ ಶೀಶೆ ಇಟ್ಟು, ಅಲ್ಲೇ ಸೇದಿದ ನೀರಿಗೆ ಪುಡಿ ಉದುರಿಸಿದಳು ಹುಡುಗಿ. ಈ ಸಲ ಯಜಮಾನ ಪಕ್ಕದಲ್ಲೇ ಬಗ್ಗಿ ನಿಂತು ಎಣಿಸಿದ. ಒಂಬತ್ತು ದಾಟಿತು, ಕೆಂಪು. ಹದಿನೈದು, ಕೆಂಪು. ಇಪ್ಪತ್ತು, ಇನ್ನೂ ಕೆಂಪು. ಇಪ್ಪತ್ತಾರನೆಯ ಹನಿಗೆ ನೀಲಿಯಾಯಿತು. ಕಬ್ಬಿಣ ನೋಡುವ ಕಾಗದದ ಪಟ್ಟಿ ಅದ್ದಿದ ಕೂಡಲೇ ಇಟ್ಟಿಗೆ ಬಣ್ಣಕ್ಕೆ ತಿರುಗಿತು.

“ಇಪ್ಪತ್ತಾರನ್ನ ಒಂಬತ್ತು ಅಂದ್ಯಾ?” ಎಂದ ಯಜಮಾನ, ಮೆಲ್ಲಗೆ. ಕೂಗಿದ್ದರೆ ವಾಸಿಯಿತ್ತು. “ತಾಯಿ, ತಪ್ಪು ನಮ್ಮದು. ಯಂತ್ರ ವಾಪಸ್ ತಗೊಂಡು ದೊಡ್ಡದು ಹಾಕ್ಕೊಡ್ತೀನಿ, ನೀವೇನೂ ಕೊಡಬೇಡಿ. ಇವಳ ವಿಷಯ ನಾನು ಆಮೇಲೆ ನೋಡ್ಕೋತೀನಿ.”

ಹುಡುಗಿ ಇಸ್ತ್ರಿ ಅಕ್ಕನ ಮುಖ ನೋಡಿದಳು. “ಅಕ್ಕ, ಅವತ್ತು ತಂದಿದ್ದು ಇದೇ ನೀರು ತಾನೇ?”

ಎಣಿಕೆ ಒಂಬತ್ತು ದಾಟಿದಾಗಲೇ ಇಸ್ತ್ರಿ ಅಕ್ಕನಿಗೆ ಎಲ್ಲೋ ಒಳಗೆ ಗೊತ್ತಾಗಿಬಿಟ್ಟಿತ್ತು. ಆ ಪಾತ್ರೆಯ ತಳದಲ್ಲಿ ಬಿಳಿ ಹುಡಿ ಕೂತಿದ್ದು, ಅದನ್ನು ತಾನೇ ಉಜ್ಜಿ ತೆಗೆದದ್ದು, ಸೋಸಿದ ಬಟ್ಟೆ ಕೆಂಪಾಗಿದ್ದು ಎಲ್ಲ ಕಣ್ಣ ಮುಂದೆ ಬಂತು. ಅತ್ತೆ ಬಾವಿಕಟ್ಟೆಯ ಆಚೆಯಿಂದ ಕಣ್ಣಲ್ಲೇ ‘ಬಾಯಿ ಮುಚ್ಕೊಂಡಿರು’ ಎಂದರು. ಸುಮ್ಮನಿದ್ದರೆ ದೊಡ್ಡ ಯಂತ್ರ ಪುಕ್ಕಟೆ ಬರುತ್ತದೆ. ‘ಅದೇ ನೀರೇ’ ಎಂದು ಎರಡೇ ಪದ ಹೇಳಿದರೆ ಸಾಕು, ಅದು ಪೂರ್ತಿ ಸುಳ್ಳೂ ಅಲ್ಲ. ಇಂಥ ಮಾತು ಆಡುವುದರಲ್ಲಿ ಅವಳಿಗಿಂತ ನುರಿತವರು ಆ ಬೀದಿಯಲ್ಲಿ ಇರಲಿಲ್ಲ. ಆದರೆ ಹುಡುಗಿ ಮತ್ತೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, ಬರಿಗಣ್ಣಿನಲ್ಲಿ ನಿಂತಿದ್ದಳು. ಯಾರೋ ಮೇಲ್ವಿಚಾರಕ ನಂಬರು ಕರೆದು ಬೈಯುವಾಗ ತಾನೂ ಹೀಗೆ ನಿಂತದ್ದು ಇಸ್ತ್ರಿ ಅಕ್ಕನಿಗೆ ನೆನಪಿತ್ತು.

“ಇದೇ ಬಾವಿ ನೀರು. ಆದ್ರೆ ನಾನು ಅದನ್ನ ಕುದಿಸಿ, ಎರಡು ಸಲ ಸೋಸಿ ತಂದಿದ್ದೆ. ಹಾಗೇ ತರೋಕೆ ನಾಚಿಕೆಯಾಯ್ತು. ಈ ಮಗು ಸರಿಯಾಗೇ ಎಣಿಸಿದ್ದು. ನಾನು ಅಂಗಡಿಯಲ್ಲಿ ಕೂಗಾಡಿದ್ದೂ ತಪ್ಪು.”

ಯಜಮಾನ ಬಾವಿಕಟ್ಟೆಯ ಮೇಲೆ ಕೂತು, ಬೋಳುತಲೆಯ ಮೇಲೆ ಕೈಯಾಡಿಸುತ್ತಾ ನಗತೊಡಗಿದ.

“ಯಂತ್ರದ ಅರ್ಧ ಕೆಲಸ ಒಲೆ ಮೇಲೇ ಮಾಡಿ ಕಳ್ಸಿದ್ರಲ್ಲ ತಾಯಿ. ಕುದಿಸಿದ್ರೆ ಸುಣ್ಣ ತಳ ಹಿಡಿಯುತ್ತೆ, ಸೋಸಿದ್ರೆ ಕಬ್ಬಿಣ ಬಟ್ಟೇಲಿ ನಿಲ್ಲುತ್ತೆ. ಅಂದ್ರೆ ನಾವು ಪರೀಕ್ಷೆ ಮಾಡಿದ್ದು ನೀರನ್ನಲ್ಲ, ನಿಮ್ಮ ಸೋಸೋ ಬಟ್ಟೇನ. ಅದು ಫಸ್ಟ್ ಕ್ಲಾಸ್ ಪಾಸು.”

“ನಾನೂ ಒಂದು ತುದಿ ಹಿಡ್ಕೊಂಡಿದ್ದೆ,” ಎಂದರು ಅತ್ತೆ. ತಪ್ಪಾದರೂ ಸರಿ, ತನ್ನ ಪಾಲು ಬಿಟ್ಟುಕೊಡುವವರಲ್ಲ.

ಸಣ್ಣ ಯಂತ್ರವನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಿದ. ದೊಡ್ಡದಕ್ಕೆ ಬೀಳುವ ಹೆಚ್ಚಿನ ಹಣವನ್ನು ತಾನೇ ಕೊಡುವುದಾಗಿ ಇಸ್ತ್ರಿ ಅಕ್ಕ ಹೇಳಿದಳು. ಅದರ ಮುಂದೆ ಕಬ್ಬಿಣ ತಡೆಯುವ ಫಿಲ್ಟರ್ ಬೇರೆ ಕೂರಿಸಬೇಕು, ಇಲ್ಲವಾದರೆ ಮಣಿಗಳಿಗೆ ತುಕ್ಕು ಮೆತ್ತಿಕೊಂಡು ಮತ್ತೆ ಇದೇ ಗತಿ ಎಂದ. ಎರಡೂ ಗೋದಾಮಿನಿಂದ ಬರಲು ಎಂಟು ದಿನ. ಒಂದನೇ ತಾರೀಕಿಗೆ ಇದ್ದದ್ದು ನಾಲ್ಕೇ ದಿನ. ಹೊರಡುವಾಗ ಹುಡುಗಿ ಕನ್ನಡಕ ಹಾಕಿಕೊಂಡು, ಇಸ್ತ್ರಿ ಅಕ್ಕನ ಮುಂಗೈಯನ್ನು ಒಮ್ಮೆ ಒತ್ತಿ ಹೋದಳು.

ಸಂಜೆ ಗಂಡ ಬಂದವನು ಚುಕ್ಕೆ ಬಿದ್ದ ಕೋಟುಗಳನ್ನು ನೋಡಿ, ತಲೆ ಮೇಲೆ ಕೈ ಹೊತ್ತು ಕೂರುವವನಲ್ಲವಾದ್ದರಿಂದ, ಒಂದು ಉಪಾಯ ಹೇಳಿದ.

“ಅಷ್ಟನ್ನೂ ಪೇಟೆ ಲಾಂಡ್ರಿಗೇ ಹಾಕ್ಬಿಡು. ಅಲ್ಲಿ ನಿನ್ನ ಹಳೇ ಗೆಳತಿ ಇದ್ದಾಳಲ್ಲ, ಬೆಳಿಗ್ಗೆ ಕೊಟ್ರೆ ಸಂಜೆಯೊಳಗೆ ಚುಕ್ಕೆ ತೆಗೆದು ಒಗೆದುಕೊಡ್ತಾಳೆ. ಇಸ್ತ್ರಿ ನೀನು ಮಾಡು. ಹೆಡ್ ನರ್ಸಿಗೆ ಹೆಂಗೆ ಗೊತ್ತಾಗುತ್ತೆ?”

ಗೊತ್ತಾಗುವುದಿಲ್ಲ, ಅದು ಅವಳಿಗೂ ಗೊತ್ತಿತ್ತು. ಒಂದನೇ ತಾರೀಕು ಬೆಳಿಗ್ಗೆ ಕೋಟುಗಳನ್ನು ಗಂಟು ಕಟ್ಟಿ ಸೈಕಲ್ಲಿನ ಹಿಂದೆ ಬಿಗಿದುಕೊಂಡು ಹೊರಟಾಗಲೂ, ಪೇಟೆಗೋ ಆಸ್ಪತ್ರೆಗೋ ಎಂದು ಅವಳು ತೀರ್ಮಾನಿಸಿರಲಿಲ್ಲ. ಹೆದರಿಕೆಯಾಗಿತ್ತು. ಪೇಟೆಯ ರಸ್ತೆ ಎಡಕ್ಕೆ ಒಡೆಯುವಲ್ಲಿ ಇಳಿದು ನಿಂತಳು. ಗೆಳತಿ ಒಗೆದು ಕೊಟ್ಟ ಕೋಟನ್ನು ಹೆಡ್ ನರ್ಸ್ ಬೆಳಕಿಗೆ ಹಿಡಿಯುತ್ತಾರೆ, ಒಪ್ಪುತ್ತಾರೆ, ಮೆಚ್ಚಿ ಆಪರೇಷನ್ ಕೋಣೆಯ ಬಟ್ಟೆಯನ್ನೂ ಒಪ್ಪಿಸಿಯಾರು. ಮರುದಿನವೇ ಅದೆಲ್ಲ ಬಂದು ಬೀಳುವುದು ಇಪ್ಪತ್ತಾರು ಹನಿಯ ನೀರಿಗೆ. ಒಂಬತ್ತು ಎಂದು ತಿಳಿದು ಅಂಗಡಿಯವನು ಸಣ್ಣ ಯಂತ್ರ ಕೊಟ್ಟ, ಪಾಪ. ಹೆಡ್ ನರ್ಸಿಗೂ ಒಂಬತ್ತೇ ತೋರಿಸುವುದೇ? ಅವಳು ಪೆಡಲ್ ಮೇಲೆ ಕಾಲಿಟ್ಟು ನೇರ ಹೋದಳು.

ಹೆಡ್ ನರ್ಸಿನ ಕೋಣೆಯಲ್ಲಿ ಇಸ್ತ್ರಿ ಅಕ್ಕ ಗಂಟು ಬಿಚ್ಚಿ ಮೇಲಿನ ಕೋಟನ್ನು ತಾನೇ ಅಗಲವಾಗಿ ಹರವಿದಳು. ಇಸ್ತ್ರಿ ಮಾಡಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಸುಕ್ಕಿದ್ದ ಬಟ್ಟೆಯನ್ನು ಅವಳು ಇನ್ನೊಬ್ಬರ ಮೇಜಿನ ಮೇಲೆ ಇಟ್ಟದ್ದು.

“ಸಿಸ್ಟರ್, ಇದು ಹಾಳಾಗಿದೆ. ಇಪ್ಪತ್ತು ಕೋಟು ಹೀಗಾಗಿದೆ. ನೀರಲ್ಲಿ ಕಬ್ಬಿಣ ಇದೆ, ಅದು ಗೊತ್ತಿಲ್ಲದೆ ಬ್ಲೀಚ್ ಹಾಕಿದೆ. ಸರಿಯಾದ ಯಂತ್ರ ಬರೋಕೆ ಇನ್ನೂ ನಾಲ್ಕು ದಿನ ಇದೆ. ತುಕ್ಕಿನ ಕಲೆ ತೆಗೆಯೋ ಮದ್ದಲ್ಲಿ ನೆನೆಸಿದ್ರೆ ಹೆಚ್ಚಿನವು ಸರಿಹೋಗುತ್ತೆ. ಒಂದೆರಡು ಹೋಗದೇನೂ ಇರ್ಬಹುದು, ಅವನ್ನ ನಾನೇ ಹೊಸದಾಗಿ ಹೊಲಿಸಿಕೊಡ್ತೀನಿ.”

ಹೆಡ್ ನರ್ಸ್ ಒಂದು ಚುಕ್ಕೆಯನ್ನು ಉಗುರಿನಿಂದ ಕೆರೆದು ನೋಡಿದರು. “ಮೋಡದ ದಿನ ಅಂತ ಹೇಳ್ತೀರಿ ಅಂದ್ಕೊಂಡಿದ್ದೆ,” ಎಂದರು.

ಇಸ್ತ್ರಿ ಅಕ್ಕ ತಲೆ ತಗ್ಗಿಸಿದಳು.

“ವಾರ್ಡಲ್ಲಿ ಜ್ವರ ಎಷ್ಟಿದೆ ಅಂತ ಕೇಳಿದ್ರೆ, ‘ಪರವಾಗಿಲ್ಲ ಸಿಸ್ಟರ್, ಮಲಗಿದ್ದಾರೆ’ ಅನ್ನೋ ಹುಡುಗೀರ ಜೊತೆ ಇಪ್ಪತ್ತೆರಡು ವರ್ಷ ಒದ್ದಾಡಿದ್ದೀನಿ ನಾನು. ನೂರಾಮೂರು ಇದ್ರೆ ನೂರಾಮೂರು ಅಂತ ಹೇಳಿದ್ರೆ ಏನಾದ್ರೂ ಮಾಡಬಹುದು.” ಕೋಟನ್ನು ಮಡಚಿ ಗಂಟಿಗೆ ಹಾಕಿದರು. “ಹದಿನೈದನೇ ತಾರೀಕಿನ ತನಕ ಅರ್ಧ ಕೋಟು ಪೇಟೆ ಲಾಂಡ್ರಿಗೆ ಹೋಗುತ್ತೆ, ಅರ್ಧ ನಿಮಗೆ. ಅವತ್ತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತೀನಿ. ಅದಕ್ಕಿಂತ ಜಾಸ್ತಿ ನನ್ನ ಕೈಲಿ ಆಗಲ್ಲ.”

ಅರ್ಧ ಹೋಯಿತೆಂದು ದುಃಖಪಡಬೇಕೋ ಅರ್ಧ ಉಳಿಯಿತೆಂದು ಸಂತೋಷಪಡಬೇಕೋ ತಿಳಿಯದೆ, ಇಸ್ತ್ರಿ ಅಕ್ಕ ದಾರಿಯಲ್ಲಿ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. ಮನೆಗೆ ಬಂದು ಗಂಡನಿಗೂ ಅತ್ತೆಗೂ ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು. ಸೋತರೆ ತಾನು ಲಾಂಡ್ರಿಗೆ ಹಿಂದಿರುಗಬೇಕಾಗುತ್ತದೆ ಎಂಬುದನ್ನೂ ಹೇಳಿದಳು.

“ಇದನ್ನ ಮೊದಲೇ ಹೇಳೋಕೇನಾಗಿತ್ತು ನಿನಗೆ? ನಾನು ಆ ಬಾವಿ ಪರವಾಗಿ ಜಗಳ ಆಡ್ತಾ ಕೂತಿದ್ದೆ,” ಎಂದರು ಅತ್ತೆ.

ಐದನೇ ತಾರೀಕು ಯಂತ್ರ ಬಂತು, ಆಳೆತ್ತರದ ನೀಲಿ ಕೊಳವೆ, ಮುಂದೆ ಕಾವಲುಗಾರನ ಹಾಗೆ ಕಬ್ಬಿಣ ತಡೆಯುವ ಫಿಲ್ಟರ್. ಕನ್ನಡಕದ ಹುಡುಗಿಯೇ ಬಂದು ಕೂರಿಸುವುದನ್ನು ನೋಡಿಕೊಂಡಳು. ಕುಡಿಯುವ ನೀರಿಗೆ ಒಂದು ನಲ್ಲಿಯನ್ನು ಯಂತ್ರಕ್ಕಿಂತ ಮುಂಚೆಯೇ ಬೇರೆ ಬಿಡಿಸಿದ್ದರಿಂದ ಅತ್ತೆಯ ಲೋಟಕ್ಕೆ ಮಾವನ ನೀರು ಮೊದಲಿನ ಹಾಗೆಯೇ ಬಂತು. ಕಡೆಗೆ ಹುಡುಗಿ ಶೀಶೆಯನ್ನೂ ಹನಿ ಮದ್ದನ್ನೂ ಇಸ್ತ್ರಿ ಅಕ್ಕನ ಕೈಗೇ ಕೊಟ್ಟು, “ಈ ಸಲ ನೀವೇ ಎಣಿಸಿ,” ಎಂದಳು. ಇಸ್ತ್ರಿ ಅಕ್ಕ ಒಂದು ಹನಿ ಹಾಕಿದಳು. ನೀಲಿಯಾಯಿತು. ಎರಡನೆಯದು ಹಾಕಬೇಕಾಗಲೇ ಇಲ್ಲ.

ಅಭ್ಯಾಸಬಲದಿಂದ ಮೊದಲಿನಷ್ಟೇ ಸೋಪಿನ ಪುಡಿ ಸುರಿದದ್ದು ಮತ್ತೊಂದು ಕಥೆ. ಮೆಷಿನ್ನು ಬಾಯಿಂದ ನೊರೆ ಕಾರಿತು. ನೊರೆ ಶೆಡ್ಡಿನ ಹೊಸ್ತಿಲು ದಾಟಿ, ಅಂಗಳದಲ್ಲಿ ಕೂತಿದ್ದ ಅತ್ತೆಯ ಪಾದದವರೆಗೆ ಬಂತು. ಅವರು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. “ಬಾವಿಗೆ ಈಗ ಬುದ್ಧಿ ಬಂದಿದೆ,” ಎಂದರು. ಮುಂದಿನ ಸಲದಿಂದ ಪುಡಿ ಕಾಲುಭಾಗಕ್ಕೆ ಇಳಿಯಿತು. ಚುಕ್ಕೆಯ ಕೋಟುಗಳನ್ನು ಅವಳು ಮದ್ದಿನಲ್ಲಿ ನೆನೆಸಿ, ಒಂದೊಂದನ್ನೂ ಬೆರಳಲ್ಲಿ ತಿಕ್ಕಿ, ಮೂರು ಸಲ ಜಾಲಾಡಿದಳು. ಹದಿನೆಂಟು ಉಳಿದುಕೊಂಡವು. ಎರಡು ಉಳಿಯಲಿಲ್ಲ. ಅವುಗಳ ಬದಲು ಎರಡು ಹೊಸ ಕೋಟು ಹೊಲಿಸಿದಳು.

ಹದಿನೈದನೇ ತಾರೀಕು ಬೆಳಿಗ್ಗೆ ಎಂಟಕ್ಕೆ ಅವಳು ಆಸ್ಪತ್ರೆಯ ಬಟ್ಟೆಕೋಣೆಯಲ್ಲಿದ್ದಳು. ಉದ್ದನೆಯ ಬೆಂಚಿನ ಮೇಲೆ ಎರಡು ರಾಶಿ, ಎಡಕ್ಕೆ ಪೇಟೆ ಲಾಂಡ್ರಿಯ ಮೂವತ್ತೈದು, ಬಲಕ್ಕೆ ಅವಳ ಮೂವತ್ತೈದು. ಲಾಂಡ್ರಿಯ ಕೋಟುಗಳ ಮೇಲೆ ಚೀಟಿ ಸಿಕ್ಕಿಸಿತ್ತು, ಇಸ್ತ್ರಿ ಮಾಡಿದವರ ನಂಬರು ಇಪ್ಪತ್ಮೂರು. ಯಾರೋ ಪಾಪ, ಕಾಲರನ್ನು ಚೆನ್ನಾಗಿಯೇ ಒತ್ತಿದ್ದಳು. ಹೆಡ್ ನರ್ಸ್ ಇನ್ನೂ ವಾರ್ಡಿನಿಂದ ಬಂದಿರಲಿಲ್ಲ. ಇಸ್ತ್ರಿ ಅಕ್ಕ ಸ್ಟೂಲಿನ ಮೇಲೆ ಕೂತು, ಎರಡು ರಾಶಿಗಳನ್ನೂ ಮಿಕಿಮಿಕಿ ನೋಡಿದಳು. ಒಮ್ಮೆ ತನ್ನದು ಬಿಳಿ ಎನ್ನಿಸಿತು, ಒಮ್ಮೆ ಅದು ಬಿಳಿ ಎನ್ನಿಸಿತು. ಮೂರನೆಯ ಸಲ ಏನೂ ಗೊತ್ತಾಗಲಿಲ್ಲ.

ಆಗ ಯಾರೋ ಓಡಿಬಂದರು. ಚಿಕ್ಕ ವಯಸ್ಸಿನ ನರ್ಸ್, ಬಸ್ಸು ತಡವಾಗಿರಬೇಕು, ಹಲ್ಲಿನಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಕೂದಲು ಕಟ್ಟಿಕೊಳ್ಳುತ್ತಿದ್ದಳು. ಅವಳು ಬಲಗಡೆಯ, ಇಸ್ತ್ರಿ ಅಕ್ಕನ ರಾಶಿಯ ಮೇಲಿನ ಕೋಟನ್ನು ಎಳೆದುಕೊಂಡಳು, ತೋಳು ತೂರಿಸಿದಳು, ಗುಂಡಿ ಹಾಕುತ್ತಾ ಹಾಕುತ್ತಾ ವಾರ್ಡಿನ ಕಡೆ ಓಡಿದಳು. ಬೆಳಕಿಗೆ ಹಿಡಿದು ನೋಡಲಿಲ್ಲ, ತಿರುಗಿಸಿ ನೋಡಲಿಲ್ಲ, ತಾನು ಹಾಕಿಕೊಂಡದ್ದು ಏನು ಎಂದೂ ನೋಡಲಿಲ್ಲ. ಬಾಗಿಲಲ್ಲಿ ಎದುರಾದ ಹೆಡ್ ನರ್ಸ್, “ಲೇಟು,” ಎಂದು ಅವಳನ್ನು ಗದರಿದರು. ತಡವಾದದ್ದನ್ನು ಬಿಟ್ಟರೆ ಅವಳಲ್ಲಿ ಗದರುವಂಥದ್ದೇನೂ ಅವರ ಕಣ್ಣಿಗೂ ಬೀಳಲಿಲ್ಲ.

ಅವರು ಒಳಗೆ ಬಂದು ಬೆಂಚಿನ ಮುಂದೆ ನಿಂತಾಗ, ಇಸ್ತ್ರಿ ಅಕ್ಕ ಸ್ಟೂಲಿನ ಮೇಲೆ ಕೂತೇ ಅಳುತ್ತಿದ್ದಳು, ಒರೆಸಿಕೊಳ್ಳದೆ, ಮರೆಮಾಚದೆ.

“ಯಾಕಮ್ಮ, ನಾನಿನ್ನೂ ನೋಡೇ ಇಲ್ಲ,” ಎಂದರು ಹೆಡ್ ನರ್ಸ್.

“ನೋಡಿ ಸಿಸ್ಟರ್,” ಎಂದು ಅವಳು ಎದ್ದು ದಾರಿ ಬಿಟ್ಟಳು.